ಕೊರತೆ: ಮೂರು ಸಾಲು ಮೀರದಂತೆ

ಜೂನ್ 3

ಅಕ್ಕಾ,

ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು. ನಿನ್ನ ಕಡೆಯಿಂದ ಬಂದದ್ದು ‘ಹಾಂ? ಹಾಂ?’ ಅಷ್ಟೇ. ಲಾಂಡ್ರಿಯ ಆ ಬಟ್ಟೆ ಹಿಂಡುವ ಮೆಷೀನು ನಿನ್ನ ಕಿವಿಯನ್ನು ಅರ್ಧ ತಿಂದಿದೆ, ಎದುರಿಗಿದ್ದರೆ ಕೇಳುತ್ತದೆ, ಫೋನಿನಲ್ಲಿ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿತು. ವಿಶ್ವವಿದ್ಯಾಲಯದಲ್ಲಿ ‘ಸಮುದಾಯ ಸಹಭಾಗಿ ಕಲಿಕೆಯ ಸಂಯೋಜಕಿ’. ನಗಬೇಡ, ಬಾಗಿಲ ಮೇಲಿನ ಬೋರ್ಡಿನಲ್ಲೂ ಅಷ್ಟೂ ಬರೆದಿದ್ದಾರೆ. ಇಲ್ಲಿನ ಪ್ರತಿ ವಿದ್ಯಾರ್ಥಿಯೂ ದುಡಿಯುವ ಜನರ ನಡುವೆ ನಲವತ್ತು ಗಂಟೆ ಇದ್ದು, ಅವರಿಗೆ ಬೇಕಾದ ಒಂದು ಕೆಲಸ ಮಾಡಿಕೊಟ್ಟರೆ ಮಾತ್ರ ಪದವಿ. ಯಾರನ್ನು ಎಲ್ಲಿಗೆ ಕಳಿಸುವುದು ಎಂದು ಜೋಡಿಸುವವಳು ನಾನು. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತಾರಂತೆ.

ಮೊದಲ ತಂಡ ನಿಮ್ಮ ಲಾಂಡ್ರಿಗೇ ಬರಲಿ ಎಂದು ನನ್ನಾಸೆ. ನೀನು ಸಂಘದ ಕಾರ್ಯದರ್ಶಿ, ನಿನ್ನ ಮಾತನ್ನು ಎಲ್ಲರೂ ಕೇಳುತ್ತಾರೆ. ನಿಮಗೆ ಏನು ಬೇಕು ಎಂದು ಸೇರಿ ಯೋಚಿಸಿ ತಿಳಿಸಿ. ನಮೂನೆಯಲ್ಲಿ ‘ಸಮುದಾಯದ ಕೊರತೆ, ಮೂರು ಸಾಲು ಮೀರದಂತೆ’ ಎಂಬ ಜಾಗವಿದೆ. ಹದಿನೈದರೊಳಗೆ ಬರೆದರೆ ಸಾಕು.

ನಿನ್ನ ತಂಗಿ

~

ಜೂನ್ 11

ಗುಬ್ಬೀ,

ನಿನ್ನ ಹುದ್ದೆಯ ಹೆಸರನ್ನು ನಲ್ಲಿಯ ಹತ್ತಿರ ಗಟ್ಟಿಯಾಗಿ ಓದಿದೆ. ನಮ್ಮ ಗಡಿಯಾರ ಗೊತ್ತಲ್ಲ, ಮೂವತ್ತೊಂದು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಬಾರದ ಮುದುಕಿ? ‘ಏನೇ ಇದು, ಇಷ್ಟುದ್ದ ಹೆಸರನ್ನ ಹಿಂಡಿ ಒಣಗಿಸೋಕೆ ಎರಡು ಹಗ್ಗ ಬೇಕಲ್ಲೇ’ ಎಂದಳು. ಇಪ್ಪತ್ತಾರು ಹೆಂಗಸರೂ ನಕ್ಕರು. ನಕ್ಕರು ಅಂದರೆ ಹೆಮ್ಮೆಗೆ ನಕ್ಕರು. ನಮ್ಮ ಬೀದಿಯ ಹುಡುಗಿ ಅಲ್ಲಿ ಕುರ್ಚಿ ಮೇಲೆ ಕೂತಿದ್ದಾಳಲ್ಲ ಎಂದು.

ಬೇಕಾದ್ದು ಒಂದೇ. ಎರಡು ವರ್ಷದಿಂದ ಗುತ್ತಿಗೆದಾರ ಹೊಸ ಸೋಪಿನ ಪುಡಿ ತರಿಸುತ್ತಿದ್ದಾನೆ. ಚೀಲದ ಮೇಲೆ ಹೆಸರಿಲ್ಲ, ಊರಿಲ್ಲ. ಅದು ಬಂದಾಗಿನಿಂದ ಬೆರಳ ಸಂದಿ ಸುಲಿಯುತ್ತಿದೆ, ಉಗುರು ಕಪ್ಪಾಗಿ ಎದ್ದು ಬರುತ್ತಿದೆ. ಸೂಪರ್‌ವೈಸರ್‌ನನ್ನು ಕೇಳಿದರೆ ‘ಕೈ ಸರಿಯಾಗಿ ತೊಳ್ಕೊಳಲ್ಲ ನೀವು, ಅದಕ್ಕೇ’ ಎನ್ನುತ್ತಾನೆ. ಯಾರಿಗೆ? ದಿನಕ್ಕೆ ಒಂಬತ್ತು ಗಂಟೆ ಕೈ ನೀರಲ್ಲಿ ಇಟ್ಟುಕೊಂಡಿರುವವರಿಗೆ!

ಪುಡಿಯಲ್ಲಿ ಏನಿದೆ ಎಂದು ಪರೀಕ್ಷೆ ಆಗಬೇಕು. ಮೊಹರು ಬಿದ್ದ ಒಂದು ಕಾಗದ ಬೇಕು. ನಾವು ಹೇಳಿದರೆ ಅದು ದೂರು, ಕಾಗದ ಹೇಳಿದರೆ ಸತ್ಯ. ರಸಾಯನಶಾಸ್ತ್ರ ಓದುವ ಮಕ್ಕಳನ್ನು ಕಳಿಸು. ನಾವು ತೊಳೆಯುವುದು ನಿಮ್ಮ ವಿಶ್ವವಿದ್ಯಾಲಯದ್ದೇ ಆಸ್ಪತ್ರೆಯ ಬಟ್ಟೆ. ನಿಮ್ಮದೇ ಆಸ್ಪತ್ರೆ, ನಿಮ್ಮದೇ ಪ್ರಯೋಗಾಲಯ, ನಮ್ಮದೇ ಹುಡುಗಿ. ಇನ್ನೇನು ಕಷ್ಟ?

ಎರಡು ಚಮಚ ಪುಡಿಯನ್ನು ಪೊಟ್ಟಣ ಕಟ್ಟಿ ಇದರೊಳಗೆ ಇಟ್ಟಿದ್ದೇನೆ. ಬರಿಗೈಯಲ್ಲಿ ಮುಟ್ಟಬೇಡ.

ಅಕ್ಕ

~

ಜುಲೈ 2

ಅಕ್ಕಾ,

ತಡವಾಯಿತು, ಬೈಯಬೇಡ. ಪೊಟ್ಟಣ ತಲುಪಿತು. ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಅಲ್ಲಿ ಸರದಿ ಉದ್ದ ಇದೆ, ಸ್ವಲ್ಪ ದಿನ ಹಿಡಿಯುತ್ತದೆ.

ರಸಾಯನಶಾಸ್ತ್ರದವರು ಈ ಅವಧಿಯಲ್ಲಿ ಸಿಗಲಿಲ್ಲ. ಈಗ ಸಾರ್ವಜನಿಕ ಆರೋಗ್ಯ ಓದುವ ಹನ್ನೊಂದು ಮಕ್ಕಳನ್ನು ಕಳಿಸುತ್ತಿದ್ದೇನೆ. ಒಳ್ಳೆಯ ಮಕ್ಕಳು, ಕೆಲವರು ಲಾಂಡ್ರಿಯ ಒಳಗನ್ನು ಕಂಡೇ ಇಲ್ಲ. ನಿಮ್ಮನ್ನು ನೋಡಿ ಕಲಿಯಲಿ. ಕೊನೆಯ ದಿನ ಅವರ ಬಳಿ ಗಂಟೆಗಳ ಹಾಳೆ ಇರುತ್ತದೆ, ಅದಕ್ಕೆ ಸಂಘದ ಪರವಾಗಿ ಒಂದು ಸಹಿ ಹಾಕಿಬಿಡು. ಬರೇ ಶಾಸ್ತ್ರಕ್ಕೆ.

ಒಂದು ಮಾತು. ಮಕ್ಕಳ ಎದುರು ನಾನು ನಿನ್ನ ತಂಗಿ ಎಂದು ಹೇಳಬೇಡ. ಪಕ್ಷಪಾತ ಮಾಡಿ ಜಾಗ ಕೊಟ್ಟೆ ಎಂದು ಇಲ್ಲಿ ಮಾತು ಬಂದೀತು.

ನಿನ್ನ ತಂಗಿ

~

ಜುಲೈ 29

ಗುಬ್ಬೀ,

ಬಂದರು, ಹೋದರು. ಹೇಗೆ ಬರೆಯಲಿ ಎಂದು ನಾಲ್ಕು ದಿನ ಯೋಚಿಸಿದೆ. ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

ನಮಗೆ ಕೈ ತೊಳೆಯುವುದನ್ನು ಕಲಿಸಿದರು.

ಹೌದು ತಾಯಿ. ಇಪ್ಪತ್ತಾರು ಅಗಸಗಿತ್ತಿಯರನ್ನು ಸಾಲಾಗಿ ನಿಲ್ಲಿಸಿ, ಬಣ್ಣಬಣ್ಣದ ಚಿತ್ರಪಟ ತೂಗುಹಾಕಿ, ಕೈ ತೊಳೆಯುವುದನ್ನು ಕಲಿಸಿದರು. ಎತ್ತರದ ಹುಡುಗನೊಬ್ಬ ಬಕೆಟ್ ಬೋರಲು ಹಾಕಿ ಮೇಲೆ ಹತ್ತಿ ನಿಂತ. ‘ಅಮ್ಮಂದಿರೇ, ಇದರಲ್ಲಿ ಏಳು ಹಂತ ಇದೆ. ಎಲ್ಲರೂ ನನ್ ಜೊತೆ ಮಾಡಿ’ ಎಂದ. ಗಡಿಯಾರ ಕೈ ಮುಂದಕ್ಕೆ ಚಾಚಿ, ‘ಮಗಾ, ಮೂವತ್ತೊಂದು ವರ್ಷದಿಂದ ಒಂದೇ ಹಂತದಲ್ಲಿದ್ದೀನಿ. ನೀರಿಂದ ಕೈ ತೆಗೆಯೋ ಹಂತ ಯಾವಾಗ ಬರುತ್ತೆ, ಅದನ್ನ ಹೇಳು’ ಎಂದಳು. ಹುಡುಗ ಅದನ್ನೂ ಬರೆದುಕೊಂಡ!

ಕನ್ನಡಕದ ಹುಡುಗಿಯೊಬ್ಬಳು ಗಡಿಯಾರದ ಕೈ ನೋಡಲು ಹತ್ತಿರ ಬಂದಳು. ಮುಟ್ಟುವ ಮೊದಲು ಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡಳು. ನಾವು ಎರಡು ವರ್ಷದಿಂದ ಬೇಡುತ್ತಿರುವ ಗ್ಲೌಸು ಒಂದು ಹುಡುಗಿಯ ಚೀಲದಲ್ಲಿ, ಬಾಚಣಿಗೆಯ ಪಕ್ಕದಲ್ಲಿತ್ತು. ‘ಹೆದರಬೇಡ ಕೂಸೇ, ಅಂಟೋ ರೋಗ ಅಲ್ಲ ಇದು, ನಿಮ್ಮ ಆಸ್ಪತ್ರೆ ಪುಡಿ’ ಎಂದಳು ಗಡಿಯಾರ. ಹುಡುಗಿಯ ಮುಖ ಕೆಂಪಗಾಯಿತು. ಗ್ಲೌಸ್ ತೆಗೆಯಲೂ ಇಲ್ಲ, ಮುಟ್ಟಲೂ ಇಲ್ಲ.

ನಮ್ಮ ಸೂಪರ್‌ವೈಸರ್‌ನ ಸಂಭ್ರಮ ನೋಡಬೇಕಿತ್ತು. ‘ನೋಡಿದ್ರಾ? ನಾನು ಹೇಳಿದ್ರೆ ಮೈಮೇಲೆ ಬರ್ತಿದ್ರಿ. ಈಗ ಓದಿದೋರೇ ಬಂದು ಹೇಳಿದ್ರು!’ ಚಿತ್ರಪಟವನ್ನು ತೊಟ್ಟಿಗಳ ಮೇಲೆ ಮೊಳೆ ಹೊಡೆದು ಹಾಕಿಸಿದ್ದಾನೆ. ದಿನವಿಡೀ ಅದು ನಮ್ಮನ್ನು ನೋಡುತ್ತಿರುತ್ತದೆ.

ಮಕ್ಕಳನ್ನು ಬೈಯಬೇಡ. ಯಾರೋ ಮೇಲಿನವರು ತಪ್ಪು ತಿಳಿಸಿ ಕಳಿಸಿದ್ದಾರೆ. ಆ ಮೇಲಿನವನು ಯಾರೋ ಅವನನ್ನು ನೀನು ಹಿಡಿದು ಕೇಳು. ನಿನ್ನ ಮರ್ಯಾದೆ ಉಳಿಯಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ನೀನು ಹೇಳಿದ ಹಾಳೆಗೂ ಸಹಿ ಹಾಕಿದೆ.

ಪುಡಿ ಏನಾಯಿತು?

ಅಕ್ಕ

~

ಆಗಸ್ಟ್ 6

ಮಾನ್ಯ ಸಮುದಾಯ ಪಾಲುದಾರರೇ,

ತಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು. ಪ್ರಶಂಸಾ ಪತ್ರವನ್ನು ಲಗತ್ತಿಸಲಾಗಿದೆ. ವಿದ್ಯಾರ್ಥಿಗಳು ತೆಗೆದ ಛಾಯಾಚಿತ್ರಗಳ ಪ್ರದರ್ಶನವು ಇದೇ ತಿಂಗಳು ನಮ್ಮ ಆವರಣದಲ್ಲಿ ನಡೆಯಲಿದೆ.

ಅಕ್ಕಾ, ಮೇಲಿನದು ಕಚೇರಿಯ ಕಾಗದ, ಎಲ್ಲರಿಗೂ ಒಂದೇ. ಅದರ ಕೆಳಗೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ವಿಷಯ ಕೇಳಿ ಬೇಜಾರಾಯಿತು. ವಿಚಾರಿಸುತ್ತೇನೆ. ಪುಡಿಯ ಫಲಿತಾಂಶ ಇನ್ನೂ ಬಂದಿಲ್ಲ. ಇಲ್ಲಿ ತುಂಬಾ ಕೆಲಸ.

ತಂಗಿ

~

ಆಗಸ್ಟ್ 20

ಗುಬ್ಬೀ,

ಪ್ರಶಂಸಾ ಪತ್ರದಲ್ಲಿ ನನ್ನ ಹೆಸರಿಗೆ ಮುಂಚೆ ‘ಶ್ರೀ’ ಎಂದಿದೆ. ನಾನು ಗಂಡಸಾದೆ ಎಂದು ಇಲ್ಲಿ ಎಲ್ಲರೂ ದಾರಿ ಬಿಡುತ್ತಿದ್ದಾರೆ!

ನಗುವ ಹೊತ್ತಲ್ಲ, ಆದರೂ ನಕ್ಕೆವು. ಈಗ ಕೇಳು. ಗಡಿಯಾರದ ಬಲಗೈ ನಡುಬೆರಳು ಕೀವು ತುಂಬಿ, ಉಗುರನ್ನೇ ತೆಗೆದುಹಾಕಿದ್ದಾರೆ. ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬರುತ್ತಾಳೆ. ಸಂಘ ಆಸ್ಪತ್ರೆಗೆ ಅರ್ಜಿ ಕೊಟ್ಟಿದೆ: ಪುಡಿ ಬದಲಾಗಬೇಕು, ಗ್ಲೌಸ್ ಕೊಡಬೇಕು, ಬೆರಳು ಕೆಟ್ಟವರಿಗೆ ಚಿಕಿತ್ಸೆ ಆಗಬೇಕು. ಸೆಪ್ಟೆಂಬರ್ 9ಕ್ಕೆ ಸಮಿತಿಯ ಮುಂದೆ ಕರೆದಿದ್ದಾರೆ. ಪರೀಕ್ಷೆ ನಡೆಯುತ್ತಿದೆ, ವಿಶ್ವವಿದ್ಯಾಲಯದ ಕಾಗದ ಬರುತ್ತಿದೆ ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಅದೇ ಧೈರ್ಯದ ಮೇಲೆ ಇಪ್ಪತ್ತಾರು ಜನ ಹೆಬ್ಬೆಟ್ಟು, ಸಹಿ ಹಾಕಿದ್ದಾರೆ.

ಅರ್ಧ ಫಲಿತಾಂಶ ಆದರೂ ಸರಿ, ಅಷ್ಟರೊಳಗೆ ಕಳಿಸು. ಕೆಲಸ ಜಾಸ್ತಿ ಇದ್ದರೆ ಎರಡೇ ಸಾಲು ಬರೆ.

ಅಕ್ಕ

~

ಸೆಪ್ಟೆಂಬರ್ 12

ಸಂಯೋಜಕಿಯವರಿಗೆ,

ಎರಡು ಸಾಲೂ ಬರಲಿಲ್ಲ. ನಿನಗೆ ಹುಷಾರಿಲ್ಲವೇನೋ ಎಂದುಕೊಂಡೆ. ಒಂಬತ್ತನೇ ತಾರೀಕಿನವರೆಗೂ ಹಾಗೇ ಅಂದುಕೊಂಡಿದ್ದೆ.

ಉದ್ದ ಮೇಜು. ಆ ಕಡೆ ಆಸ್ಪತ್ರೆಯ ಆಡಳಿತಾಧಿಕಾರಿ, ಗುತ್ತಿಗೆದಾರ. ಈ ಕಡೆ ನಾನು, ಗಡಿಯಾರ, ಇನ್ನೂ ಮೂವರು. ಉಳಿದವರು ಹೊರಗೆ ಮೆಟ್ಟಿಲ ಮೇಲೆ. ನಾನು ಎದ್ದು ಪುಡಿಯ ಮಾತು ಎತ್ತಿದೆ. ಆಡಳಿತಾಧಿಕಾರಿ ಕೈ ಅಡ್ಡ ಹಿಡಿದ. ‘ಒಂದ್ ನಿಮಿಷ ಇರಮ್ಮ. ನಿಮ್ಮ ಸಮಸ್ಯೆ ಏನು ಅಂತ ವಿಶ್ವವಿದ್ಯಾಲಯದೋರು ಆಗ್ಲೇ ಅಧ್ಯಯನ ಮಾಡಿದಾರೆ’ ಎಂದು ಒಂದು ನಮೂನೆ ತೆಗೆದು ಓದಿದ. ‘ಸಮುದಾಯದ ಕೊರತೆ: ಕೈ ನೈರ್ಮಲ್ಯದ ಅರಿವಿಲ್ಲ. ಅಶುಚಿತ್ವದಿಂದ ಚರ್ಮರೋಗ. ತರಬೇತಿ ಅಗತ್ಯ.’ ಮೂರು ಸಾಲು. ಒಂದೂ ಮೀರಿಲ್ಲ.

ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದ. ಬರಹ ನಿನ್ನದು. ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನಾನು, ನನಗೆ ಹೆಸರು ನೋಡಬೇಕಿರಲಿಲ್ಲ.

ಅವನು ಅಲ್ಲಿಗೂ ನಿಲ್ಲಿಸಲಿಲ್ಲ. ಇನ್ನೊಂದು ಹಾಳೆ ತೆಗೆದ. ನೀನು ಹೇಳಿದ ಗಂಟೆಗಳ ಹಾಳೆ. ಅದರ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ನಮೂನೆಯಲ್ಲಿರುವ ಕೊರತೆ ಇದ್ದುದು ನಿಜ. ತರಬೇತಿ ತೃಪ್ತಿಕರ.’ ಕೆಳಗೆ ನನ್ನ ಸಹಿ. ‘ನಿಮ್ಮದೇ ಅಲ್ವೇನಮ್ಮ?’

ನನ್ನದೇ. ಇಪ್ಪತ್ತು ವರ್ಷ ಬೀದಿಬೀದಿಯಲ್ಲಿ ‘ಓದದೆ ಸಹಿ ಹಾಕಬೇಡಿ, ಓದಲು ಬಾರದಿದ್ದರೆ ಓದಿಸಿಕೊಂಡು ಹಾಕಿ’ ಎಂದು ಗಂಟಲು ಹರಿದುಕೊಂಡವಳು ನಾನು. ಗುತ್ತಿಗೆದಾರ ಚಾಚಿದ ಕಾಗದವಾಗಿದ್ದರೆ ಹಿಂದೆ ಮುಂದೆ ಮೂರು ಸಲ ತಿರುಗಿಸಿ ನೋಡುತ್ತಿದ್ದೆ. ತಂಗಿಯ ಕಾಗದ ಎಂದು ಓದಲಿಲ್ಲ. ಗಡಿಯಾರ ನನ್ನ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಸುತ್ತಿದ ಬೆರಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು, ತಪ್ಪು ಅವಳದೇ ಎನ್ನುವ ಹಾಗೆ. ಅಂಥ ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮರುದಿನ ಅವಳನ್ನು ‘ಕೈ ಕೊಳಕು, ರೋಗಿಗಳಿಗೆ ಅಪಾಯ’ ಎಂದು ಮನೆಗೆ ಕಳಿಸಿದರು. ಮೂವತ್ತೊಂದು ವರ್ಷ ಒಂದು ನಿಮಿಷ ತಪ್ಪದವಳನ್ನು.

ಒಂದೇ ಪ್ರಶ್ನೆ. ಪುಡಿ ಎಲ್ಲಿ?

ಸಂಘದ ಕಾರ್ಯದರ್ಶಿ

~

ಸೆಪ್ಟೆಂಬರ್ 19

ಅಕ್ಕಾ,

ಪುಡಿ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಪ್ರಯೋಗಾಲಯಕ್ಕೆ ಕೊಡಲೇ ಇಲ್ಲ.

ಎಲ್ಲ ಹೇಳಿಬಿಡುತ್ತೇನೆ. ‘ನಿಮಗೆ ಏನು ಬೇಕು’ ಎಂದು ನಿನಗೆ ಕಾಗದ ಹಾಕಿದ ದಿನವೇ ನಮೂನೆ ತುಂಬಿ ಕೊಟ್ಟಾಗಿತ್ತು. ಅಂದೇ ಕೊನೆಯ ದಿನ. ಹಿಂದಿನ ವರ್ಷ ಬೇರೆ ಯಾವುದೋ ಜಾಗಕ್ಕೆ ಬರೆದಿದ್ದ ಮೂರು ಸಾಲನ್ನು ನೋಡಿ ಇಳಿಸಿದೆ. ನಿನ್ನ ಉತ್ತರ ಬಂದಮೇಲೆ ತಿದ್ದಬಹುದಿತ್ತು. ಆದರೆ ಅದರಲ್ಲಿ ನಮ್ಮದೇ ಆಸ್ಪತ್ರೆಯ ಹೆಸರಿತ್ತು. ನನ್ನ ಮೇಲಧಿಕಾರಿ ಡೀನ್ ಬೇಡ ಎನ್ನಲಿಲ್ಲ ಅಕ್ಕಾ. ನಾನು ಕೇಳಲೇ ಇಲ್ಲ. ಕೇಳಿದರೆ ಬೇಡ ಎಂದಾರು ಎಂದು ಅವರ ಪರವಾಗಿ ನಾನೇ ಬೇಡ ಎಂದುಕೊಂಡೆ. ನಮ್ಮ ಎಲ್ಲ ನಮೂನೆಗಳದೂ ಒಂದೊಂದು ಪ್ರತಿ ಆಸ್ಪತ್ರೆಯ ಕಚೇರಿಗೂ ಹೋಗುತ್ತದೆ ಎಂದು ಗೊತ್ತಿತ್ತು. ಅದನ್ನು ನಿಮ್ಮ ಮೇಲೆ ಹೀಗೆ ಎಸೆಯುತ್ತಾರೆ ಎಂದು ಗೊತ್ತಿರಲಿಲ್ಲ.

ಪ್ರದರ್ಶನದಲ್ಲಿ ನಿನ್ನದೊಂದು ದೊಡ್ಡ ಫೋಟೊ ಹಾಕಿದ್ದರು. ನೀನು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿರುವುದು. ಡೀನ್ ಅದರ ಮುಂದೆ ನಿಂತು, ‘ಏನ್ರೀ, ಈಯಮ್ಮನ ಮುಖ ನಿಮ್ಮ ಹಾಗೇ ಇದೆಯಲ್ಲ’ ಎಂದರು. ನಾನು ನಕ್ಕೆ. ‘ಹೌದಾ ಸರ್? ಅವರು ನಮ್ಮ ಪಾಲುದಾರರು’ ಎಂದೆ. ಪಕ್ಕದಲ್ಲಿ ಕನ್ನಡಕದ ಹುಡುಗಿ ಇದ್ದಳು. ಅವಳು ಫೋಟೊ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

ಈಗ ಪೊಟ್ಟಣವನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ‘ಇದು ತೇವ ಕುಡಿದು ಗಟ್ಟಿಯಾಗಿದೆ, ಮೂರು ತಿಂಗಳು ಡ್ರಾಯರ್‌ನಲ್ಲಿತ್ತು ಅಂತೀರಿ, ಇದನ್ನ ಯಾರೂ ಸಾಕ್ಷಿ ಅಂತ ಒಪ್ಪಲ್ಲ ಮೇಡಂ’ ಎಂದು ಪ್ರಯೋಗಾಲಯದವನು ವಾಪಸ್ ಕೊಟ್ಟ.

ನನ್ನನ್ನು ಕ್ಷಮಿಸು. ಭಾನುವಾರ ಬರಲೇ?

ಗುಬ್ಬಿ

~

ಸೆಪ್ಟೆಂಬರ್ 25

ಬರಬೇಡ.

ಬಂದರೆ ನೀನು ಅಳುತ್ತೀಯ, ನಾನು ತಲೆ ಸವರುತ್ತೇನೆ, ಅಲ್ಲಿಗೆ ಮುಗಿಯಿತು. ನಮ್ಮಿಬ್ಬರದು ಮುಗಿಯುತ್ತದೆ. ಗಡಿಯಾರದ್ದು ಮುಗಿಯುವುದಿಲ್ಲ.

ಗುತ್ತಿಗೆದಾರ ಹಳೆಯ ಚೀಲಗಳನ್ನೆಲ್ಲ ಸಾಗಿಸಿದ್ದಾನೆ. ಈಗ ನೀಲಿ ಚೀಲ, ದೊಡ್ಡ ಕಂಪನಿಯ ಹೆಸರು, ಘಮಘಮ ಎನ್ನುತ್ತದೆ. ‘ಯಾವ ಪುಡಿ? ಇದೇ ಅಲ್ವಾ ಮೊದಲಿಂದಲೂ?’ ಎನ್ನುತ್ತಾನೆ. ಕೆಟ್ಟ ಬೆರಳುಗಳಿಗೆ ಈಗ ಕಾರಣವೇ ಇಲ್ಲ, ನೀನು ಬರೆದ ಕಾರಣವೊಂದನ್ನು ಬಿಟ್ಟು. ನನ್ನ ಜೂನ್ ತಿಂಗಳ ಕಾಗದ ನಿನ್ನ ಹತ್ತಿರ ಇದೆ. ಪುಡಿ ಯಾವಾಗ ಬಂತು, ಎಲ್ಲಿಟ್ಟೆ ಎಂದು ನಿನಗೆ ಗೊತ್ತು. ಸಾಕ್ಷಿ ಎಂದು ಉಳಿದಿರುವುದು ನೀನೊಬ್ಬಳೇ.

ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದು ಸಭೆಯಲ್ಲಿ ಹೇಳಿದೆ. ಯಾರೂ ‘ಬೇಡ ಅಕ್ಕಾ’ ಎನ್ನಲಿಲ್ಲ. ಕೊನೆಗೆ ಗಡಿಯಾರವೇ, ‘ಗಲೀಜು ಮಾಡಿದೋಳು ತೊಳೆದಿಟ್ಟು ಹೋಗಲಿ, ಆಮೇಲೆ ನೋಡೋಣ’ ಎಂದಳು. ಸರಿಯಾದ ಮಾತು. ನಿನಗೂ ಅದೇ ಮಾತು.

ಅಕ್ಟೋಬರ್ 14ಕ್ಕೆ ಮತ್ತೆ ವಿಚಾರಣೆ ಹಾಕಿಸಿದ್ದೇವೆ. ನನಗೆ ಬರೆದದ್ದನ್ನೆಲ್ಲ ಸಮಿತಿಗೆ ಬರೆ. ನಿನ್ನ ಉದ್ದ ಹುದ್ದೆಯ ಮುದ್ರೆ ಇರುವ ಕಾಗದದಲ್ಲೇ ಬರೆ. ಕಳಿಸುವ ಮೊದಲು ನನಗೆ ಒಂದು ಪ್ರತಿ. ಇನ್ನು ಮೇಲೆ ನಿನ್ನ ಕೈಬರಹ ಏನೇ ಇರಲಿ, ಓದಿಯೇ ಮುಂದೆ ಬಿಡುವುದು.

ಅಕ್ಕ

~

ಅಕ್ಟೋಬರ್ 1

ಅಕ್ಕಾ,

ಪ್ರತಿ ಇದರ ಜೊತೆಗಿದೆ. ಐದು ಸಲ ಹರಿದು ಬರೆದೆ. ಡೀನ್‌ಗೆ ತೋರಿಸಿದೆ. ‘ಇದನ್ನ ಕಳಿಸಿದ್ರೆ ನಿಮ್ಮನ್ನ ಕಾಯಂ ಮಾಡೋದು ನನ್ನ ಕೈಲಿರಲ್ಲ’ ಎಂದರು. ಕಳಿಸುತ್ತೇನೆ ಎಂದೆ. ಕನ್ನಡಕದ ಹುಡುಗಿ ತನ್ನ ನಲವತ್ತು ಗಂಟೆ ಬೇಡ, ಮುಂದಿನ ವರ್ಷ ಮತ್ತೆ ಮಾಡುತ್ತೇನೆ ಎಂದು ಬರೆದುಕೊಟ್ಟಳು. ನಾನು ಹೇಳಿಕೊಟ್ಟದ್ದಲ್ಲ.

ಮುಖ್ಯವಾದ ಭಾಗ ಹೀಗಿದೆ: ‘ಸದರಿ ನಮೂನೆಯಲ್ಲಿರುವ ಮೂರು ಸಾಲು ಸುಳ್ಳು. ಕಾರ್ಮಿಕರನ್ನು ಕೇಳದೆ ನಾನೇ ಬರೆದದ್ದು. ಅವರು ಕೇಳಿದ್ದು ಪುಡಿಯ ಪರೀಕ್ಷೆಯನ್ನು. ಅವರು ಕಳಿಸಿದ ಪುಡಿಯನ್ನು ಮೂರು ತಿಂಗಳು ಮುಚ್ಚಿಟ್ಟೆ. ಕೆಲಸ ಹೋಗುವ ಭಯದಿಂದ ಹೀಗೆ ಮಾಡಿದೆ.’

ಸಾಕೇ?

ಗುಬ್ಬಿ

~

ಅಕ್ಟೋಬರ್ 5

ಗುಬ್ಬೀ,

ಮೂರು ಸಲ ಓದಿದೆ. ಎರಡು ಸಲ ಮನಸ್ಸಿನಲ್ಲಿ, ಒಂದು ಸಲ ನಲ್ಲಿಯ ಹತ್ತಿರ ಗಟ್ಟಿಯಾಗಿ. ವಾಪಸ್ ಕಳಿಸುತ್ತಿದ್ದೇನೆ. ಕೊನೆಯ ಸಾಲು ಸುಳ್ಳು.

ಕೆಲಸ ಹೋಗುವ ಭಯ ನಮಗೆ ಗೊತ್ತು. ನಮ್ಮ ಇಪ್ಪತ್ತಾರು ಜನಕ್ಕೂ ಗೊತ್ತು, ದಿನಾ ಅದನ್ನೇ ಕಟ್ಟಿಕೊಂಡು ಬಾಳುತ್ತೇವೆ. ಭಯಪಟ್ಟವರು ಫೋಟೊ ಮುಂದೆ ನಗುವುದಿಲ್ಲ. ‘ತಂಗಿ ಎಂದು ಹೇಳಬೇಡ’ ಎಂದು ನೀನು ಬರೆದದ್ದು ಜುಲೈ ಎರಡಕ್ಕೆ. ಆಗ ಯಾವ ಅರ್ಜಿಯೂ ಇರಲಿಲ್ಲ, ಯಾರೂ ನಿನ್ನನ್ನು ಹೆದರಿಸಿರಲಿಲ್ಲ. ಅವತ್ತೇ ನನಗೆ ಅರ್ಥವಾಗಿತ್ತು. ಅರ್ಥವಾಗದವಳ ಹಾಗೆ ನಟಿಸಿದೆ. ಅದು ನನ್ನ ಪಾಲಿನ ಸುಳ್ಳು. ನಾನದನ್ನು ಸಮಿತಿಯ ಮುಂದೆ ಹೇಳಬೇಕಿಲ್ಲ, ನಿನಗೆ ಹೇಳಿದ್ದೇನೆ.

ಭಯ ಎಂದು ಬರೆದರೆ ಅವರು ನಿನ್ನ ಮೇಲೆ ಕನಿಕರ ಪಡುತ್ತಾರೆ. ನಿನಗೆ ಕನಿಕರ, ಗಡಿಯಾರಕ್ಕೆ ಮನೆ ದಾರಿ. ಆಗುವುದಿಲ್ಲ. ಇದ್ದದ್ದನ್ನು ಬರೆ. ಈ ಸಲ ಮೂರು ಸಾಲು ಮೀರಿದರೂ ಪರವಾಗಿಲ್ಲ.

ಅಕ್ಕ

~

ಅಕ್ಟೋಬರ್ 9

ಗೆ,
ಅಧ್ಯಕ್ಷರು ಮತ್ತು ಸದಸ್ಯರು, ಆಸ್ಪತ್ರೆಯ ವಿಚಾರಣಾ ಸಮಿತಿ
ಇಂದ: ಸಮುದಾಯ ಸಹಭಾಗಿ ಕಲಿಕೆಯ ಸಂಯೋಜಕಿ, ವಿಶ್ವವಿದ್ಯಾಲಯ
ಪ್ರತಿ: ಕಾರ್ಯದರ್ಶಿ, ಲಾಂಡ್ರಿ ಕಾರ್ಮಿಕರ ಸಂಘ

ಮಾನ್ಯರೇ,

ತಮ್ಮ ಬಳಿ ಇರುವ ನಮೂನೆಯ ‘ಸಮುದಾಯದ ಕೊರತೆ’ ಎಂಬ ಜಾಗದಲ್ಲಿರುವ ಮೂರು ಸಾಲು ಸುಳ್ಳು. ಜೂನ್ 3ರಂದು, ಒಬ್ಬ ಕಾರ್ಮಿಕಳನ್ನೂ ಕೇಳದೆ, ಹಳೆಯ ನಮೂನೆಯಿಂದ ನಾನು ನಕಲು ಮಾಡಿದ್ದು. ಕಾರ್ಯದರ್ಶಿಯವರ ಸಹಿಯನ್ನು ‘ಬರೇ ಶಾಸ್ತ್ರಕ್ಕೆ’ ಎಂದು ನಂಬಿಸಿ ಪಡೆದವಳೂ ನಾನೇ. ಪುಡಿಯನ್ನು ಪರೀಕ್ಷಿಸಿ ಎಂದು ಅವರು ಜೂನ್ 11ರಂದು ಬರೆದ ಕಾಗದ, ನಾನು ಮುಚ್ಚಿಟ್ಟು ಕೆಡಿಸಿದ ಪೊಟ್ಟಣ, ಎರಡನ್ನೂ ಲಗತ್ತಿಸಿದ್ದೇನೆ. ಅದರ ಲಕೋಟೆಯ ಮೇಲಿನ ಅಂಚೆ ಮೊಹರನ್ನು ನೋಡಿ. ಈಗಿನ ನೀಲಿ ಚೀಲಗಳಿಗೆ ಮೊದಲು ಬೇರೊಂದು ಪುಡಿ ಇತ್ತು ಎಂಬುದಕ್ಕೆ ನಾನು ಸಾಕ್ಷಿ.

ಭಯದಿಂದ ಹೀಗೆ ಮಾಡಲಿಲ್ಲ. ಕಾರ್ಯದರ್ಶಿಯವರು ನನ್ನ ಒಡಹುಟ್ಟಿದ ಅಕ್ಕ. ಅವರು ತೊಟ್ಟಿಯ ಮುಂದೆ ನಿಂತಿದ್ದರಿಂದಲೇ ನಾನು ಶಾಲೆಯಲ್ಲಿ ಕೂತೆ. ಆ ತೊಟ್ಟಿ, ಆ ಬೀದಿ, ಆ ಕೈಗಳು ನನ್ನವು ಎಂದು ನಿಮ್ಮಂಥವರಿಗೆ ತಿಳಿಯಬಾರದೆಂದು ನಾಚಿದೆ. ಅವರ ಕೈ ಕೊಳಕು ಎಂದು ಬರೆಯುವಾಗ, ಹಾಗೆ ಬರೆಯುವವರ ಕಡೆಗೆ ಸೇರಿದವಳು ನಾನು ಎಂದು ಒಳಗೊಳಗೇ ಖುಷಿಪಟ್ಟೆ. ನನ್ನ ಆ ಖುಷಿಗೆ ಮೂವತ್ತೊಂದು ವರ್ಷ ದುಡಿದ ಹೆಂಗಸೊಬ್ಬರು ಮನೆಯಲ್ಲಿ ಕೂತಿದ್ದಾರೆ. ಅವರನ್ನು ಕೆಲಸಕ್ಕೆ ಕರೆಯಿರಿ. ನನ್ನ ಮೇಲಿನ ಕ್ರಮವನ್ನು ಆಮೇಲೆ ಬೇಕಾದರೆ ಯೋಚಿಸಿ.

ಹದಿನಾಲ್ಕನೇ ತಾರೀಕು ನಾನೇ ಬಂದು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಕಾರ್ಮಿಕರು ತಮ್ಮ ಕಡೆ ಕೂರಲು ಬಿಟ್ಟರೆ ಅಲ್ಲಿ ಕೂರುತ್ತೇನೆ. ಬಿಡದಿದ್ದರೆ ನಿಂತೇ ಹೇಳುತ್ತೇನೆ. ನಿಮ್ಮ ಕಡೆ ಕುರ್ಚಿ ಹಾಕಿಸಬೇಡಿ.